ಓಕೆ ಎಲ್ಲಿಂದ ಬಂತು?

ಓಕೆ ಹುಟ್ಟಿದ್ದು ಎಲ್ಲಿ ಅಂತ ಕೇಳಿದರೆ ಹತ್ತು ಜನ ಹತ್ತು ಕಥೆ ಹೇಳುತ್ತಾರೆ. ಯುದ್ಧದಲ್ಲಿ ಯಾರೂ ಸಾಯದ ದಿನ ‘ಝೀರೋ ಕಿಲ್ಡ್’ ಎನ್ನುವುದನ್ನು ಚಿಕ್ಕದಾಗಿ ‘0 K’ ಎಂದು ಬರೆಯುತ್ತಿದ್ದರಂತೆ. ಗ್ರೀಕರ ‘ಓಲಾ ಕಲಾ’, ಅಂದರೆ ‘ಎಲ್ಲ ಸರಿ’, ಅಂತೆ. ಅಮೆರಿಕದ ಮೂಲನಿವಾಸಿ ಚಾಕ್ಟಾ ಜನರ ಮಾತಂತೆ. ಈ ಕೊನೆಯದನ್ನು ಅಧ್ಯಕ್ಷ ವುಡ್ರೋ ವಿಲ್ಸನ್ ನಂಬಿ, ಕಡತಗಳ ಮೇಲೆ ಆ ಮಾತಿನ ‘okeh’ ಸ್ಪೆಲಿಂಗ್‌ನಲ್ಲೇ ಒಪ್ಪಿಗೆ ಬರೆಯುತ್ತಿದ್ದರು.

ಅಚ್ಚಿನಲ್ಲಿ ಸಿಕ್ಕಿರುವ ದಾಖಲೆ ಹೇಳುವುದೇ ಬೇರೆ. 1838ರ ಹೊತ್ತಿಗೆ ಬಾಸ್ಟನ್ ಪತ್ರಿಕೆಗಳಿಗೆ ಒಂದು ಹುಚ್ಚು ಹಿಡಿದಿತ್ತು: ಮಾತನ್ನು ಬೇಕಂತಲೇ ತಪ್ಪಾಗಿ ಬರೆದು, ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವುದು. ‘ಆಲ್ ರೈಟ್’ಗೆ ಓ.ಡಬ್ಲ್ಯು. (oll wright), ‘ನೋ ಗೋ’ಗೆ ಕೆ.ಜಿ. (know go). ಈಗಿನ ಹುಡುಗರು ಚಾಟ್‌ನಲ್ಲಿ ಮಾಡೋದೂ ಹೆಚ್ಚುಕಮ್ಮಿ ಇದನ್ನೇ, ಅಲ್ವಾ? 1839ರ ಮಾರ್ಚ್ 23ರಂದು ಬಾಸ್ಟನ್ ಮಾರ್ನಿಂಗ್ ಪೋಸ್ಟ್, ಪ್ರಾವಿಡೆನ್ಸ್ ಊರಿನ ಪತ್ರಿಕೆಯ ಸಂಪಾದಕರನ್ನು ಕಿಚಾಯಿಸುತ್ತಾ ‘ಓ.ಕೆ.’ ಎಂದು ಬರೆಯಿತು. ಅದು ‘ಆಲ್ ಕರೆಕ್ಟ್’ನ ತಪ್ಪು ಸ್ಪೆಲಿಂಗ್, oll korrect. ಸರಿಯಾಗಿ ಬರೆದರೆ ಎ.ಸಿ. ಬರಬೇಕಿತ್ತು. ಎರಡೂ ಅಕ್ಷರ ತಪ್ಪು, ತಮಾಷೆ ಇದ್ದದ್ದೇ ಅಲ್ಲಿ.

ಉಳಿದ ತಮಾಷೆಗಳು ಸತ್ತವು. ಇದನ್ನು ಬದುಕಿಸಿದ್ದು ಚುನಾವಣೆ. 1840ರಲ್ಲಿ ಮತ್ತೆ ಅಧ್ಯಕ್ಷರಾಗಲು ನಿಂತ ಮಾರ್ಟಿನ್ ವ್ಯಾನ್ ಬ್ಯೂರನ್ ಊರು ಕಿಂಡರ್‌ಹುಕ್. ಬೆಂಬಲಿಗರು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು ಓಕೆ ಕ್ಲಬ್ ಕಟ್ಟಿದರು. ಎದುರಾಳಿಗಳು ಸುಮ್ನಿರಲಿಲ್ಲ. ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗ್ ಬರುತ್ತಿರಲಿಲ್ಲ, ಓಕೆ ಅವರದೇ ತಪ್ಪು ಎಂದು ಹಬ್ಬಿಸಿದರು. ವ್ಯಾನ್ ಬ್ಯೂರನ್ ಸೋತರು, ಓಕೆ ಗೆದ್ದಿತು. ಆಮೇಲೆ ಟೆಲಿಗ್ರಾಫ್, ರೈಲು, ಸಿನಿಮಾ, ಮೊಬೈಲು. ನಮ್ಮಲ್ಲೂ ‘ಓಕೆನಾ?’ ಎಂದು ಕನ್ನಡದ ಬಾಲ ಅಂಟಿಸಿಕೊಂಡಿತು.

ಈ ಗಂಟು ಬಿಡಿಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆನ್ ವಾಕರ್ ರೀಡ್. 1941ರಲ್ಲಿ ಅವರೂ ಕಿಂಡರ್‌ಹುಕ್ಕೇ ಮೂಲ ಎಂದಿದ್ದರು. ಹಳೆಯ ಪತ್ರಿಕೆಗಳನ್ನು ಇನ್ನೂ ಜಾಲಾಡಿ, 1963-64ರಲ್ಲಿ ಬಾಸ್ಟನ್ ಕಥೆಯನ್ನು ದಾಖಲೆ ಸಮೇತ ಮುಂದಿಟ್ಟರು. ಆದರೂ ವಾಟ್ಸಾಪ್‌ನಲ್ಲಿ ಜಾಸ್ತಿ ಓಡುವುದು ಯುದ್ಧದ ಕಥೆಯೇ. ಸತ್ತವರ ಲೆಕ್ಕದ ಮುಂದೆ ಸ್ಪೆಲಿಂಗ್ ತಮಾಷೆ ಸಪ್ಪೆ ಅನಿಸುತ್ತದೇನೋ. ಚಾಕ್ಟಾ ವಾದವನ್ನು ಮಾತ್ರ ಹಾಗೆ ತಳ್ಳಿಹಾಕುವುದು ಕಷ್ಟ. ಆ ಭಾಷೆಯಲ್ಲಿ ‘ಹೌದು, ಹಾಗೇ’ ಎನ್ನುವ ಅರ್ಥದ ಅಂಥದ್ದೇ ಮಾತು ನಿಜಕ್ಕೂ ಇದೆ. ಆದರೆ ಜನರ ಬಾಯಲ್ಲಿ ಅದು ಮೊದಲೇ ಓಡಾಡುತ್ತಿದ್ದರೆ, ಆ ಬಾಸ್ಟನ್ ಪತ್ರಿಕೆ ಓ.ಕೆ. ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂದು ಅರ್ಥ ಬಿಡಿಸಿ ಬರೆಯುವ ಅಗತ್ಯವೇನಿತ್ತು?