ಕಿಮೋ ಶುರುವಾಗುವ ಮೊದಲಿನ ಎರಡು ವಾರ

ಮಂಗಳೂರಿನಲ್ಲಿ ವಾರ್ಡ್ ಡ್ಯೂಟಿಯಲ್ಲಿದ್ದೆ. ಸ್ತನ ಕ್ಯಾನ್ಸರ್‌ಗೆ ಎರಡನೇ ಕಿಮೋ ಹಾಕಿಸಿಕೊಳ್ಳಲು ಬಂದಿದ್ದ 27 ವರ್ಷದ ಒಬ್ಬರು, ನಾನು ಡ್ರಿಪ್ ಸರಿಮಾಡುತ್ತಿದ್ದಾಗ ಮೆಲ್ಲಗೆ ಕೇಳಿದರು: "ಸಿಸ್ಟರ್, ನಂಗೆ ಮುಂದೆ ಮಕ್ಕಳಾಗ್ತದಾ?" ಫೈಲ್ ತಿರುವಿ ನೋಡಿದೆ. ಆ ಬಗ್ಗೆ ಒಂದು ಸಾಲೂ ಇರಲಿಲ್ಲ. "ಡಾಕ್ಟರಲ್ಲಿ ಕೇಳುವ ಅಕ್ಕಾ" ಎಂದು ಜಾರಿಕೊಂಡೆ. ಆಮೇಲೆ ಕೂತು ಓದಿ ಬರೆದದ್ದು ಇದು.

ಮೊದಲು ಲೆಕ್ಕ. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವಾಗ ಉಳಿಯುವುದು 3-4 ಲಕ್ಷ. ಹೊಸದಾಗಿ ಹುಟ್ಟುವುದಿಲ್ಲ. ನಾವು ಬ್ಯಾಂಕ್‌ಗಳು ಹುಟ್ಟಿದ ಊರಿನವರು, ಅಲ್ವಾ? ಜಮಾ ಕಾಲಂ ಖಾಲಿ ಇರುವ ಪಾಸ್‌ಬುಕ್ ಅಂದುಕೊಳ್ಳಿ, ತೆಗೆಯುವುದು ಮಾತ್ರ. ಕಿಮೋ ಬಂದರೆ ಒಂದೇ ಸಲ ದೊಡ್ಡ ಮೊತ್ತ ಹೋಗುತ್ತದೆ, ಅದರಲ್ಲೂ ಸೈಕ್ಲೋಫಾಸ್ಫಮೈಡ್‌ನಂಥ ಔಷಧಿಗಳು ಬೆಳೆಯುತ್ತಿರುವ ಅಂಡಾಣುಗಳನ್ನಷ್ಟೇ ಅಲ್ಲ, ಸುಮ್ನೆ ಮಲಗಿರುವ ದಾಸ್ತಾನನ್ನೂ ಬಿಡುವುದಿಲ್ಲ. ಅದೇ ಔಷಧಿ, ಅದೇ ಡೋಸ್ ಕೊಟ್ಟರೂ 25ರವರಿಗಿಂತ 40ರವರಿಗೆ ಹೊಡೆತ ಜಾಸ್ತಿ. ಅವರ ದಾಸ್ತಾನು ಮೊದಲೇ ಕಡಿಮೆ.

ನಾನೇ ತಪ್ಪು ತಿಳಿದುಕೊಂಡಿದ್ದ ಒಂದು ಜಾಗ ಉಂಟು. ಕಿಮೋ ಮುಗಿದ ಮೇಲೆ ಮುಟ್ಟು ವಾಪಸ್ ಬಂತೆಂದರೆ ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಹಾಗಲ್ಲ. ಸ್ವಲ್ಪ ದಾಸ್ತಾನು ಉಳಿದಿದ್ದರೂ ಮುಟ್ಟು ಬರುತ್ತದೆ, ಆದರೆ ಮುಟ್ಟು ನಿಲ್ಲುವ ವಯಸ್ಸು ಬೇಗ ಬಂದುಬಿಡಬಹುದು. ತಿರುಗಿಸಿ ನೋಡಿದರೂ ಅಷ್ಟೇ: ಕಿಮೋ ನಡುವೆ ಮುಟ್ಟು ನಿಂತಿದೆ ಎಂದು ಗರ್ಭ ನಿಲ್ಲುವುದೇ ಇಲ್ಲ ಎನ್ನುವ ಹಾಗಿಲ್ಲ, ಗರ್ಭನಿರೋಧಕ ಬೇಕೇ ಬೇಕು.

ಈಗ ಉಳಿಸುವ ದಾರಿ. ಹೆಚ್ಚಾಗಿ ಮಾಡುವುದು ಅಂಡಾಣು ತೆಗೆದು ಫ್ರೀಜ್ ಮಾಡುವುದು. 10ರಿಂದ 14 ದಿನ ಹಾರ್ಮೋನ್ ಇಂಜೆಕ್ಷನ್, ಆಮೇಲೆ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯುತ್ತಾರೆ. ಹಿಂದೆ ಮುಟ್ಟಾಗುವವರೆಗೆ ಕಾಯುತ್ತಿದ್ದರು, ಈಗ ತಿಂಗಳ ಯಾವ ದಿನ ಬೇಕಾದರೂ ಶುರುಮಾಡುತ್ತಾರೆ. ಸ್ತನ ಕ್ಯಾನ್ಸರ್ ಇದ್ದವರಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಏರಬಾರದು ಎಂದು ಜೊತೆಗೆ ಲೆಟ್ರೋಜೋಲ್ ಮಾತ್ರೆ ಕೊಡುತ್ತಾರೆ. ಇದೆಲ್ಲ ಮೊದಲ ಕಿಮೋಗಿಂತ ಮುಂಚೆ ಆಗಬೇಕು. ಒಮ್ಮೆ ಔಷಧಿ ಮೈಗೆ ಹೋದ ಮೇಲೆ ಬೆಳೆಯುತ್ತಿರುವ ಅಂಡಾಣುಗಳ ಡಿಎನ್‌ಎಗೆ ಪೆಟ್ಟು ಬಿದ್ದಿರಬಹುದು, ಅವನ್ನು ತೆಗೆದಿಡಲು ಡಾಕ್ಟರುಗಳು ಹಿಂಜರಿಯುತ್ತಾರೆ. ಆ 27ರವರ ಪ್ರಶ್ನೆ ತಡವಾಗಿ ಬಂತು ಎಂದು ನನಗೆ ಚುಚ್ಚಿದ್ದು ಇದಕ್ಕೇ.

ಫ್ರೀಜ್ ಮಾಡುವುದು ಹೇಗೆ? ಮಲ್ಪೆಯಿಂದ ತಂದ ಮೀನನ್ನು ಮನೆಯ ಫ್ರೀಜರಿನಲ್ಲಿಟ್ಟು ವಾರ ಬಿಟ್ಟು ತೆಗೆಯಿರಿ. ನೀರು ಬಿಡುತ್ತದೆ, ಮಾಂಸ ಮೆತ್ತಗೆ. ನಿಧಾನವಾಗಿ ಹೆಪ್ಪುಗಟ್ಟುವಾಗ ಮಂಜಿನ ಹರಳು ಬೆಳೆದು ಕೋಶಗಳನ್ನು ಹರಿದಿರುತ್ತವೆ. ಅಂಡಾಣು ನಮ್ಮ ಮೈಯಲ್ಲೇ ದೊಡ್ಡ ಕೋಶ, ಒಳಗೆ ಪೂರ್ತಿ ನೀರು. ಹಾಗಾಗಿ ವಿಟ್ರಿಫಿಕೇಶನ್ ಎಂಬ ವಿಧಾನ: ಗಟ್ಟಿ ದ್ರಾವಣದಲ್ಲಿಟ್ಟು ಒಳಗಿನ ನೀರು ಎಳೆದು, ಕೂಡಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಮುಳುಗಿಸುವುದು. ಹರಳಾಗಲು ಪುರುಸೊತ್ತೇ ಸಿಗದೆ ಗಾಜಿನ ಹಾಗಾಗುತ್ತದೆ. ಅಮೆರಿಕದ ಸಂತಾನ ಚಿಕಿತ್ಸಾ ವೈದ್ಯರ ಸಂಘ ಅಂಡಾಣು ಫ್ರೀಜಿಂಗ್‌ಗಿದ್ದ 'ಪ್ರಾಯೋಗಿಕ' ಎಂಬ ಹಣೆಪಟ್ಟಿ ತೆಗೆದದ್ದು 2012ರಲ್ಲಿ. ಮದುವೆಯಾದವರು ಭ್ರೂಣ ಮಾಡಿಯೂ ಇಡಬಹುದು, ಆದರೆ ಅಂಡಾಣು ಆಕೆಯದ್ದೇ, ಭ್ರೂಣ ಇಬ್ಬರದ್ದು. ನಾಳೆ ಸಂಬಂಧ ಮುರಿದರೆ? ಈ ಮಾತು ಮೊದಲೇ ಆಡುವುದು ಒಳ್ಳೆಯದು.

ಎರಡು ವಾರ ಕಾಯಲು ಆಗದವರಿಗೆ, ಇನ್ನೂ ಮೈನೆರೆಯದ ಮಕ್ಕಳಿಗೆ ಅಂಡಾಶಯದ ಹೊರಪದರದ ಚೂರುಗಳನ್ನೇ ತೆಗೆದು ಫ್ರೀಜ್ ಮಾಡುತ್ತಾರೆ, ಗುಣವಾದ ಮೇಲೆ ವಾಪಸ್ ಕೂರಿಸುತ್ತಾರೆ. ಹೀಗೆ ಮೊದಲ ಮಗು ಹುಟ್ಟಿದ್ದು 2004ರಲ್ಲಿ, ಬೆಲ್ಜಿಯಂನಲ್ಲಿ. ರಕ್ತದ ಕ್ಯಾನ್ಸರ್‌ನಲ್ಲಿ ಮಾತ್ರ ಹುಷಾರು, ಚೂರಿನ ಜೊತೆ ಕ್ಯಾನ್ಸರ್ ಕೋಶವೂ ವಾಪಸ್ ಬರಬಹುದು. ಕಿಮೋ ಜೊತೆ ತಿಂಗಳಿಗೊಮ್ಮೆ ಗೊಸೆರೆಲಿನ್ ಎಂಬ, ಅಂಡಾಶಯದ ಕೆಲಸವನ್ನು ಸ್ವಲ್ಪ ಕಾಲ ನಿಲ್ಲಿಸಿಡುವ ಇಂಜೆಕ್ಷನ್ ಕೊಡುವುದೂ ಉಂಟು, ಸ್ತನ ಕ್ಯಾನ್ಸರ್‌ನಲ್ಲಿ ಅದರಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ, ಆದರೆ ಫ್ರೀಜಿಂಗ್‌ಗೆ ಬದಲಿಯಲ್ಲ. ಕಿಬ್ಬೊಟ್ಟೆಗೆ ರೇಡಿಯೇಷನ್ ಇದ್ದರೆ ಅಂಡಾಶಯವನ್ನು ಮೇಲೆ ಸರಿಸಿ ಹೊಲಿಯುತ್ತಾರೆ. ಗರ್ಭಕೋಶವನ್ನು ಹಾಗೆ ಸರಿಸುವುದು ಕಷ್ಟ, ಅದಕ್ಕೂ ಪೆಟ್ಟು ಬೀಳುತ್ತದೆ.

ಕ್ಯಾನ್ಸರ್ ಇಲ್ಲದೆಯೂ ಇದೇ ಕಥೆ ಬರುತ್ತದೆ, ಚಾಕೊಲೇಟ್ ಸಿಸ್ಟ್‌ನಲ್ಲಿ, ಅಂದರೆ ಎಂಡೊಮೆಟ್ರಿಯೋಸಿಸ್‌ನಿಂದ ಅಂಡಾಶಯದಲ್ಲಿ ಹಳೇ ರಕ್ತ ತುಂಬಿಕೊಂಡ ಗುಳ್ಳೆಯಲ್ಲಿ. ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯುವಾಗ ಕೆಲವೊಮ್ಮೆ ಬಿಳಿಭಾಗವೂ ಕಿತ್ತು ಬರುತ್ತದಲ್ಲ, ಹಾಗೆ ಸಿಸ್ಟ್‌ನ ಗೋಡೆ ಸುಲಿಯುವಾಗ ಅಂಟಿಕೊಂಡ ಒಳ್ಳೆಯ ಅಂಡಾಶಯವೂ ಬರುತ್ತದೆ. ರಕ್ತ ನಿಲ್ಲಿಸಲು ಸುಟ್ಟರೆ ಇನ್ನಷ್ಟು ನಷ್ಟ. ಆಪರೇಷನ್ ಆದ ಮೇಲೆ ಎಎಂಎಚ್ (ದಾಸ್ತಾನು ಎಷ್ಟು ಉಳಿದಿದೆ ಎಂದು ಅಂದಾಜು ಕೊಡುವ, ರಕ್ತದಲ್ಲಿ ನೋಡುವ ಹಾರ್ಮೋನ್) ಇಳಿಯುವುದು ಇದರಿಂದ. ಹಾಗಾಗಿ ಮೊದಲೇ ಎಎಂಎಚ್ ನೋಡಿಕೊಳ್ಳಬೇಕು, ಮತ್ತು ಎರಡೂ ಕಡೆ ಸಿಸ್ಟ್ ಇದ್ದವರ ಹತ್ತಿರ, ಒಮ್ಮೆ ಆಪರೇಷನ್ ಆಗಿ ಮತ್ತೆ ಬಂದವರ ಹತ್ತಿರ, ಕತ್ತರಿ ಇಡುವ ಮೊದಲೇ ಅಂಡಾಣು ತೆಗೆದಿಡುವ ಮಾತು ಎತ್ತಬೇಕು.