ಹಾಡು ಕಟ್ಟುವವನೇ ಹೊರಟುಹೋದಾಗ: ಪಿಂಕ್ ಫ್ಲಾಯ್ಡ್‌ನ ಎರಡನೇ ಆಲ್ಬಮ್

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಎರಡನೇ ಆಲ್ಬಮ್ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಮಾತು ಬಂದರೆ ಮೊದಲು ಏಳುವ ಪ್ರಶ್ನೆ: ಇದರಲ್ಲಿ ತಂಡದ ಗಾಯಕ, ಗಿಟಾರ್ ವಾದಕ, ಹಾಡು ಕಟ್ಟುವವನೂ ಆಗಿದ್ದ ಸಿಡ್ ಬ್ಯಾರೆಟ್ ಎಷ್ಟಿದ್ದಾನೆ? ಲೆಕ್ಕ ಕಷ್ಟವಲ್ಲ. ಏಳು ಟ್ರ್ಯಾಕ್‌ಗಳಲ್ಲಿ ಮೂರರಲ್ಲಿ ಅವನ ಕೈಯಿದೆ: 'ರಿಮೆಂಬರ್ ಎ ಡೇ', 'ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್', 'ಜಗ್‌ಬ್ಯಾಂಡ್ ಬ್ಲೂಸ್'. ಅವನೇ ಬರೆದು ಹಾಡಿದ್ದು ಕೊನೆಯದೊಂದನ್ನೇ. ಹಿಂದಿನ ವರ್ಷದ ಮೊದಲ ಆಲ್ಬಮ್‌ನ ಹನ್ನೊಂದರಲ್ಲಿ ಎಂಟನ್ನು ಒಬ್ಬನೇ ಬರೆದಿದ್ದವನು!

ಆ ಮೊದಲ ಆಲ್ಬಮ್ ಬಂದದ್ದು 1967ರ ಆಗಸ್ಟ್‌ನಲ್ಲಿ. ಅದೇ ತಿಂಗಳು ಎರಡನೆಯದರ ಧ್ವನಿಮುದ್ರಣವೂ ಶುರುವಾಯಿತು. ಆದರೆ ಬ್ಯಾರೆಟ್‌ನ ಮನಸ್ಸು ಹದ ತಪ್ಪುತ್ತಿತ್ತು. ನವೆಂಬರ್‌ನಲ್ಲಿ ಬಿಟ್ಟ ಅವನ ಸಿಂಗಲ್ 'ಆಪಲ್ಸ್ ಅಂಡ್ ಆರೆಂಜಸ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯನ್ನು ಮುಟ್ಟಲೇ ಇಲ್ಲ. ಹೊಸ ವರ್ಷಕ್ಕೆ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಂದ. ಸಿಡ್ ಮನೆಯಲ್ಲಿದ್ದು ಹಾಡು ಬರೆದುಕೊಡಲಿ, ವೇದಿಕೆ ನಾವು ನೋಡಿಕೊಳ್ಳುತ್ತೇವೆ ಎಂಬ ಏರ್ಪಾಡು ಉಳಿದವರ ತಲೆಯಲ್ಲಿತ್ತು. ಐವರೂ ಸೇರಿ ನುಡಿಸಿದ ಕಾರ್ಯಕ್ರಮಗಳು ಬೆರಳೆಣಿಕೆಯಷ್ಟು. ಜನವರಿ 26ರಂದು ಸೌತಾಂಪ್ಟನ್‌ಗೆ ಹೊರಟ ಗಾಡಿ ಸಿಡ್‌ನನ್ನು ಹತ್ತಿಸಿಕೊಳ್ಳದೆ ಮುಂದೆ ಹೋಯಿತು. ಅವನು ತಂಡದಲ್ಲಿಲ್ಲ ಎಂದು ಘೋಷಿಸಿದ್ದು ಏಪ್ರಿಲ್ 6ಕ್ಕೆ.

ಹೀಗಾಗಿ ಆಲ್ಬಮ್ ಒಂದು ತೇಪೆಯ ಕೌದಿ. 'ರಿಮೆಂಬರ್ ಎ ಡೇ'ಯ ಡ್ರಮ್ಸ್ ತಂಡದ ಡ್ರಮ್ಮರ್ ನಿಕ್ ಮೇಸನ್‌ನ ಕೈಗೆ ಕೂರಲಿಲ್ಲ, ನಿರ್ಮಾಪಕ ನಾರ್ಮನ್ ಸ್ಮಿತ್ ತಾನೇ ಕೂತು ಬಾರಿಸಿದ. 'ಸೆಟ್ ದ ಕಂಟ್ರೋಲ್ಸ್' ಬ್ಯಾರೆಟ್ ಇದ್ದಾಗ ಶುರುವಾಗಿ ಗಿಲ್ಮೋರ್ ಬಂದ ಮೇಲೆ ಮುಗಿದದ್ದರಿಂದ ಐವರೂ ಇರುವ ಏಕೈಕ ಟ್ರ್ಯಾಕ್ ಅದು. ಬಾಸ್ ಗಿಟಾರ್ ನುಡಿಸುತ್ತಿದ್ದ ರೋಜರ್ ವಾಟರ್ಸ್ ಅದರ ಸಾಲುಗಳನ್ನು ಚೀನಾದ ತಾಂಗ್ ಕಾಲದ ಕವಿತೆಗಳ ಇಂಗ್ಲಿಷ್ ಅನುವಾದದಿಂದ ಎತ್ತಿಕೊಂಡಿದ್ದ. 'ಕಾರ್ಪೊರಲ್ ಕ್ಲೆಗ್' ಮಾತ್ರ ಸಿಡ್‌ನ ತುಂಟತನವನ್ನು ಅನುಕರಿಸಲು ಹೋಗಿ ಸೋತಿದೆ.

ಗೆದ್ದದ್ದು ಸುಮಾರು ಹನ್ನೆರಡು ನಿಮಿಷದ ಶೀರ್ಷಿಕೆ ಟ್ರ್ಯಾಕ್. ಹಾಡು ಬರೆಯಲು ಆಳಿಲ್ಲದಾಗ ವಾಟರ್ಸ್, ಮೇಸನ್ ಇಬ್ಬರೂ ತಮಗೆ ಗೊತ್ತಿದ್ದ ವಿದ್ಯೆಗೆ ಮರಳಿದರು. ಇಬ್ಬರೂ ವಾಸ್ತುಶಿಲ್ಪ ಓದಿದವರು. ಸ್ವರಲಿಪಿಯ ಬದಲು ಹಾಳೆಯ ಮೇಲೆ ಏರು, ಇಳಿವು, ಶಿಖರಗಳ ನಕ್ಷೆ ಬರೆದು, ಅದರ ಪ್ರಕಾರ ಧ್ವನಿ ಕಟ್ಟಿದರು.

ಆರಂಭದ ಗುಂಯ್‌ಗುಡುವಿಕೆ ಗಂಟೆಯದಲ್ಲ, ಸಿಂಬಲ್‌ನದು, ಅಂದರೆ ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆಯದು. ಮೈಕನ್ನು ಅಂಚಿಗೆ ತೀರಾ ಹತ್ತಿರ ತಂದು ಮೆಲ್ಲಗೆ ತಟ್ಟಿದರೆ, ಜೋರು ಹೊಡೆತದಲ್ಲಿ 'ಝಳ್' ಎಂಬ ಸದ್ದಿನಡಿ ಮುಚ್ಚಿಹೋಗುವ ಕೆಳ ನಾದಗಳು ಕೇಳುತ್ತವೆ. ಇದರಲ್ಲಿ ಅಪಾಯವೂ ಇದೆ: ಸದ್ದು ಸಣ್ಣದಾದ್ದರಿಂದ ಧ್ವನಿಮುದ್ರಣದ ಮಟ್ಟ ಏರಿಸಬೇಕು, ಏರಿಸಿದರೆ ಟೇಪಿನ ಸುಯ್‌ಗುಟ್ಟುವಿಕೆಯೂ ಏರುತ್ತದೆ. ಕೈ ತುಸು ಬಿರುಸಾದರೆ ಧ್ವನಿ ಒಡೆಯುತ್ತದೆ.

ನಾಲ್ಕನೇ ನಿಮಿಷದ ಹೊತ್ತಿಗೆ ಶುರುವಾಗುವ ಡ್ರಮ್ಸ್ ಟೇಪ್ ಲೂಪ್. ಬೇಕಾದಷ್ಟು ಟೇಪು ಕತ್ತರಿಸಿ, ಎರಡು ತುದಿ ಅಂಟಿಸಿ, ಬಳೆಯಂತೆ ಯಂತ್ರದಲ್ಲಿ ಸುತ್ತಿಸುವ ಕೆಲಸ. ಅಂಟಿಸಿದ ಜಾಗ ತಾಳದ ಲೆಕ್ಕಕ್ಕೆ ಕೂದಲೆಳೆ ತಪ್ಪಿದರೂ ಪ್ರತಿ ಸುತ್ತಿನಲ್ಲೂ ಎಡವುತ್ತದೆ. ಎಳೆತ ಸಡಿಲವಾದರೆ ಶ್ರುತಿ ಓಲಾಡುತ್ತದೆ. ಅದರ ಮೇಲೆ ಗೀರಾಡುವ ಗಿಟಾರ್‌ನ ಕಥೆ ಸ್ವತಃ ಗಿಲ್ಮೋರ್ ಹೇಳಿದ್ದು: ಗಿಟಾರ್ ನೆಲದ ಮೇಲೆ ಮಲಗಿತ್ತು, ಮೈಕ್ ಸ್ಟ್ಯಾಂಡಿನ ಒಂದು ಕಾಲು ಬಿಚ್ಚಿ ತಂತಿಗಳ ಮೇಲೆ ಆಚೀಚೆ ಓಡಿಸಿದ್ದ. ಏಳನೇ ನಿಮಿಷದಾಚೆ ಗದ್ದಲ ಕರಗಿ, ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್‌ನ ಆರ್ಗನ್ ಮೇಲೇರಿ, ಪದಗಳಿಲ್ಲದ ದನಿಗಳು ಸೇರುತ್ತವೆ. ಬೀಟಲ್ಸ್‌ಗೆ ಇಂಜಿನಿಯರ್ ಆಗಿದ್ದ ಸ್ಮಿತ್‌ಗೆ ಇದು ರುಚಿಸಲಿಲ್ಲ, ಮೂರು ನಿಮಿಷದ ಹಾಡುಗಳೇ ಬೇಕಿದ್ದವು. 'ಎಕೋಸ್'ನಂಥ ಮುಂದಿನ ದೀರ್ಘ ಕೃತಿಗಳಿಗೆ ದಾರಿ ತೆರೆದದ್ದು ಈ ನಕ್ಷೆಯೇ.

ಆಲ್ಬಮ್ ಬ್ರಿಟನ್ನಿನಲ್ಲಿ 1968ರ ಜೂನ್ ಕೊನೆಗೆ ಮಾರಾಟಕ್ಕೆ ಬಂದು ಅಲ್ಲಿನ ಆಲ್ಬಮ್ ಪಟ್ಟಿಯಲ್ಲಿ 9ನೇ ಸ್ಥಾನ ತಲುಪಿತು. ಹೊದಿಕೆ ಹಿಪ್ನಾಸಿಸ್ ಎಂಬ ವಿನ್ಯಾಸ ಸಂಸ್ಥೆ ಈ ತಂಡಕ್ಕೆ ಮಾಡಿದ ಮೊದಲನೆಯದು. ಕಣ್ಣಿಟ್ಟು ನೋಡಿದರೆ ಮಾರ್ವೆಲ್ ಕಾಮಿಕ್ಸ್‌ನ ಡಾಕ್ಟರ್ ಸ್ಟ್ರೇಂಜ್ ಕಾಣುತ್ತಾನೆ. ಮೋನೋ, ಸ್ಟೀರಿಯೋ ಎರಡರಲ್ಲೂ ಬೇರೆಬೇರೆ ಮಿಶ್ರಣವಿದೆ. ಶೀರ್ಷಿಕೆ ಟ್ರ್ಯಾಕನ್ನು ಸ್ಟೀರಿಯೋದಲ್ಲಿ, ಹೆಡ್‌ಫೋನ್ ಹಾಕಿಯೇ ಕೇಳಬೇಕು.

ಕೊನೆಯಲ್ಲಿ 'ಜಗ್‌ಬ್ಯಾಂಡ್ ಬ್ಲೂಸ್'. ಅದಕ್ಕೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಹಿತ್ತಾಳೆ ವಾದ್ಯದವರನ್ನು ಕರೆಸಿದ್ದರು. ಮನಬಂದದ್ದು ನುಡಿಸಲಿ ಎಂದು ಬ್ಯಾರೆಟ್, ಬರೆದುಕೊಟ್ಟದ್ದನ್ನೇ ನುಡಿಸಲಿ ಎಂದು ಸ್ಮಿತ್. ಆ ತಿಂಗಳುಗಳಲ್ಲೇ ಮುದ್ರಿಸಿದ ಸಿಡ್‌ನ ಇನ್ನೆರಡು ಹಾಡುಗಳು, 'ಸ್ಕ್ರೀಮ್ ದೈ ಲಾಸ್ಟ್ ಸ್ಕ್ರೀಮ್' ಮತ್ತು 'ವೆಜಿಟೇಬಲ್ ಮ್ಯಾನ್', ಆಲ್ಬಮ್‌ನಿಂದ ಹೊರಗುಳಿದು ಕಳ್ಳ ಟೇಪುಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. 'ದಿ ಅರ್ಲಿ ಇಯರ್ಸ್' ಸಂಪುಟದಲ್ಲಿ ಅವು ಅಧಿಕೃತವಾಗಿ ಹೊರಬಂದದ್ದು 2016ರಲ್ಲಿ, ಸಿಡ್ ತೀರಿಕೊಂಡು ಹತ್ತು ವರ್ಷದ ಮೇಲೆ.