ಕಾರ್ಬನ್ ಬೆಲೆ: ಕಟ್ಟುವವರು ಕಲ್ಲಿದ್ದಲಿನವರು, ಲಾಭ ವಿಂಡ್‌ಮಿಲ್‌ಗೆ ಹೇಗೆ?

ಈ ಪಾಠದಲ್ಲಿ ಒಂದೇ ಒಂದು ಹೆಜ್ಜೆ ನನ್ನನ್ನು ನಾಲ್ಕು ದಿನ ಹಿಡಿದು ನಿಲ್ಲಿಸಿತು. ನಿನ್ನೆ ರಾತ್ರಿ ಲೆಕ್ಕ ಹಾಕಿದ ಮೇಲೆ ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಅಲ್ಲೇ ತೊಡಕಾಗಿದ್ದರೆ ಉಪಯೋಗಕ್ಕೆ ಬರಲಿ.

ಮೊದಲಿಗೆ ಚಿಕ್ಕದಾಗಿ

ಕಲ್ಲಿದ್ದಲು, ಗ್ಯಾಸ್ ಉರಿಸಿದಾಗ ಬರುವ ಪ್ರತಿ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಬೆಲೆ ಕಟ್ಟಿಸುವುದೇ ಕಾರ್ಬನ್ ಬೆಲೆ. ದಾರಿ ಎರಡು. ಒಂದು, ತೆರಿಗೆ: ದರವನ್ನು ಸರ್ಕಾರವೇ ಹೇಳುತ್ತದೆ. ಇನ್ನೊಂದು, ಪರ್ಮಿಟ್: ಒಟ್ಟು ಎಷ್ಟು ಟನ್ ಬಿಡಬಹುದು ಎಂದು ಸರ್ಕಾರ ಮಿತಿ ಹಾಕುತ್ತದೆ, ದರ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಯುರೋಪ್ 2005ರಲ್ಲಿ ಪರ್ಮಿಟ್ ದಾರಿ ಹಿಡಿಯಿತು. ಬ್ರಿಟನ್ ಅದರ ಮೇಲೆ 2013ರ ಏಪ್ರಿಲ್‌ನಿಂದ ತನ್ನದೇ ತೆರಿಗೆಯನ್ನೂ ಸೇರಿಸಿತು. ನನಗೆ ವಿಷಯ ಅರ್ಥವಾಗಿದ್ದು ಬ್ರಿಟನ್ ಉದಾಹರಣೆಯಿಂದಲೇ.

ನಾನು ಎಡವಿದ ಜಾಗ

ತೆರಿಗೆ ಕಟ್ಟುವುದು ಕಲ್ಲಿದ್ದಲು, ಗ್ಯಾಸ್ ಸ್ಥಾವರಗಳು. ಹಣ ಹೋಗುವುದು ಖಜಾನೆಗೆ. ಹಾಗಾದರೆ ವಿಂಡ್‌ಮಿಲ್ ಇಟ್ಟವರಿಗೆ ಸಿಕ್ಕಿದ್ದೇನು? ಸರ್ಕಾರ ಆ ಹಣವನ್ನು ಅವರಿಗೆ ಹಂಚುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ಹಾಗಲ್ಲ. ಬ್ರಿಟನ್ನಿನ ಈ ತೆರಿಗೆ ಸಾಮಾನ್ಯ ಖಜಾನೆಗೆ ಹೋಗುತ್ತದೆ. ಒಂದು ಪೈಸೆ ಹಂಚದಿದ್ದರೂ ವಿಂಡ್‌ಮಿಲ್‌ಗೆ ಲಾಭ ಆಗುತ್ತದೆ. ಅದೇ ನನಗೆ ಹಿಡಿಯದೆ ಉಳಿದಿದ್ದು.

ಸಂತೆಯನ್ನು ನೆನಪಿಸಿಕೊಳ್ಳಿ. ಊರಿನವರು ಕೊತ್ತಂಬರಿ ಸೊಪ್ಪನ್ನು ತಲೆ ಮೇಲೆ ಹೊತ್ತು ತರುತ್ತಾರೆ. ಅದು ಸಾಲದೆ ದೂರದಿಂದ ಟೆಂಪೋದಲ್ಲೂ ಬರುತ್ತದೆ. ಡೀಸೆಲ್ ದರ ಏರಿತು ಅನ್ನಿ. ಟೆಂಪೋದವರು ಕಟ್ಟಿಗೆ ಎರಡು ರೂಪಾಯಿ ಜಾಸ್ತಿ ಹೇಳುತ್ತಾರೆ. ಹೊತ್ತು ತಂದ ಅಜ್ಜಿ ಹಳೇ ದರಕ್ಕೇ ಮಾರುತ್ತಾರಾ? ಇಲ್ಲ. ಸಂತೆಗೆಲ್ಲ ಒಂದೇ ದರ. ಡೀಸೆಲ್ ಸುಡದ ಅಜ್ಜಿಗೂ ಎರಡು ರೂಪಾಯಿ ಜಾಸ್ತಿ ಸಿಕ್ಕಿತು, ಅಲ್ವಾ? ವಿದ್ಯುತ್ ಮಾರುಕಟ್ಟೆಯಲ್ಲಿ ವಿಂಡ್‌ಮಿಲ್ ಈ ಅಜ್ಜಿಯ ಜಾಗದಲ್ಲಿದೆ.

ಈಗ ಲೆಕ್ಕ. ಅಂಕಿಗಳು ನಾನು ಸುಲಭಕ್ಕೆ ಇಟ್ಟುಕೊಂಡವು. ಒಂದು ಗಂಟೆಗೆ ಬೇಕಾಗಿರುವುದು 100 ಮೆಗಾವ್ಯಾಟ್. ಗಾಳಿಯಿಂದ 30 ಸಿಗುತ್ತದೆ, ಇಂಧನದ ಖರ್ಚು ಸೊನ್ನೆ. ಕಲ್ಲಿದ್ದಲಿನಿಂದ 40, ಖರ್ಚು ಮೆಗಾವ್ಯಾಟ್ ಗಂಟೆಗೆ 35 ಪೌಂಡ್, ಹೊಗೆ (ಅಂದರೆ ಕಾರ್ಬನ್ ಡೈಆಕ್ಸೈಡ್) 0.9 ಟನ್. ಗ್ಯಾಸಿನಿಂದ 60, ಖರ್ಚು 50 ಪೌಂಡ್, ಹೊಗೆ 0.4 ಟನ್.

ಅಗ್ಗದ್ದು ಮೊದಲು, ದುಬಾರಿ ಕೊನೆಗೆ. ಹೀಗೆ ಸಾಲು ನಿಲ್ಲಿಸಿ: ಗಾಳಿ 30, ಕಲ್ಲಿದ್ದಲು 40, ಗ್ಯಾಸ್ 30. ಕೊನೆಯಲ್ಲಿ ನಿಂತದ್ದು ಗ್ಯಾಸ್. ಸಂತೆಯ ಟೆಂಪೋದಂತೆ ಕೊನೆಯವರ ಖರ್ಚೇ ಎಲ್ಲರ ದರ, ಹಾಗಾಗಿ ಎಲ್ಲರಿಗೂ 50 ಪೌಂಡ್.

ಈಗ ಟನ್ನಿಗೆ 40 ಪೌಂಡ್ ಕಾರ್ಬನ್ ಬೆಲೆ ಹಾಕಿ. ಕಲ್ಲಿದ್ದಲು 35 + 36 = 71. ಗ್ಯಾಸ್ 50 + 16 = 66. ಸಾಲು ತಿರುಗಿತು! ಗಾಳಿ 30, ಗ್ಯಾಸ್ 60, ಕಲ್ಲಿದ್ದಲು ಬರೀ 10. ಕೊನೆಯಲ್ಲಿ ಕಲ್ಲಿದ್ದಲು ಇರುವುದರಿಂದ ಎಲ್ಲರಿಗೂ 71. ಗಾಳಿಗೆ 21 ಪೌಂಡ್ ಜಾಸ್ತಿ, ಅದು ಕಟ್ಟಿದ ತೆರಿಗೆ ಸೊನ್ನೆ. ಹೊಗೆ 48 ಟನ್ನಿನಿಂದ 33ಕ್ಕೆ ಇಳಿಯಿತು.

ಈ 21 ಎಲ್ಲಿಂದ ಬಂತು? ಗ್ಯಾಸಿನ ತೆರಿಗೆ 16, ಕಲ್ಲಿದ್ದಲಿನದು 36. 21 ಎರಡೂ ಅಲ್ಲ. ಇಲ್ಲೇ ನಾನು ಮತ್ತೆ ಮತ್ತೆ ತಪ್ಪು ಮಾಡಿದೆ. ಕೊನೆಯ ಸ್ಥಾವರ ಬದಲಾಗದಿದ್ದರೆ ಮಾತ್ರ ಬೆಲೆ ಏರುವುದು ‘ಕಾರ್ಬನ್ ಬೆಲೆ × ಕೊನೆಯ ಸ್ಥಾವರದ ಹೊಗೆ’ಯಷ್ಟು. ಅದು ಬದಲಾದರೆ ಹಳೆಯ ಕೊನೆಯವರ ದರವನ್ನು ಹೊಸ ಕೊನೆಯವರ ದರದಿಂದ ಕಳೆಯಬೇಕು: 71 − 50. ಯಾವಾಗಲೂ ಮೊದಲು ಸಾಲನ್ನು ಹೊಸದಾಗಿ ಬರೆಯಿರಿ, ಆಮೇಲೆ ಕಳೆಯಿರಿ.

ನನಗೆ ತುಂಬ ಇಷ್ಟವಾದ ಒಂದು ಸುಲಭ ದಾರಿ ಇದೆ. ಸಾಲು ತಿರುಗಲು ಎಷ್ಟು ಕಾರ್ಬನ್ ಬೆಲೆ ಬೇಕು? ಖರ್ಚಿನ ವ್ಯತ್ಯಾಸವನ್ನು ಹೊಗೆಯ ವ್ಯತ್ಯಾಸದಿಂದ ಭಾಗಿಸಿ. (50 − 35) ÷ (0.9 − 0.4) = 30 ಪೌಂಡ್. ಇದಕ್ಕಿಂತ ಕಡಿಮೆ ಇದ್ದರೆ ಕಲ್ಲಿದ್ದಲು ಮುಂದೆ, ಜಾಸ್ತಿ ಇದ್ದರೆ ಗ್ಯಾಸ್ ಮುಂದೆ. ಗ್ಯಾಸ್ ಅಗ್ಗವಾದಷ್ಟೂ ಈ ಅಂಕಿ ಕೆಳಗಿಳಿಯುತ್ತದೆ.

ಬ್ರಿಟನ್ನಿನಲ್ಲಿ ಆದದ್ದು

ಆಗ ಯುರೋಪಿನ ಪರ್ಮಿಟ್ ಟನ್ನಿಗೆ 10 ಯೂರೋಗಿಂತ ಅಗ್ಗ. ಅಷ್ಟಕ್ಕೆ ಸಾಲು ತಿರುಗುತ್ತಿರಲಿಲ್ಲ. ಬ್ರಿಟನ್ನಿನ ತೆರಿಗೆ 2013ರಲ್ಲಿ ಟನ್ನಿಗೆ ಸುಮಾರು 5 ಪೌಂಡ್ ಇತ್ತು, 2015ರಲ್ಲಿ ಸುಮಾರು 18 ಪೌಂಡ್ ಆಯಿತು. ಗ್ಯಾಸ್ ಕೂಡ ಅಗ್ಗವಾಯಿತು. 2012ರಲ್ಲಿ ಅಲ್ಲಿನ ವಿದ್ಯುತ್ತಿನ ಸುಮಾರು 40% ಕಲ್ಲಿದ್ದಲಿನದು. 2016ರಲ್ಲಿ ಸುಮಾರು 9%. 2024ರ ಸೆಪ್ಟೆಂಬರ್ 30ರಂದು ರ್‍ಯಾಟ್‌ಕ್ಲಿಫ್ ಆನ್ ಸೋರ್ ಎಂಬ ಕೊನೆಯ ಕಲ್ಲಿದ್ದಲು ಸ್ಥಾವರವೂ ನಿಂತಿತು. 1882ರಲ್ಲಿ ಲಂಡನ್ನಿನ ಹಾಲ್‌ಬರ್ನ್‌ನಲ್ಲಿ ಶುರುವಾದ ಕಲ್ಲಿದ್ದಲು ವಿದ್ಯುತ್ 142 ವರ್ಷಕ್ಕೆ ಮುಗಿಯಿತು. ಇದನ್ನು ಓದಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು. ಪೂರ್ತಿ ಶ್ರೇಯ ತೆರಿಗೆಗೇ ಕೊಡಬೇಡಿ. ಯುರೋಪಿನ ವಾಯುಮಾಲಿನ್ಯ ನಿಯಮಗಳಿಂದಲೂ ಕೆಲವು ಹಳೆಯ ಸ್ಥಾವರಗಳು ಮುಚ್ಚಿದವು.

ಇನ್ನೊಂದು ಗಮನಿಸಿ. ಕಲ್ಲಿದ್ದಲು ಬಿಟ್ಟ ಜಾಗಕ್ಕೆ ಮೊದಲು ಬಂದದ್ದು ಹೆಚ್ಚಾಗಿ ಗ್ಯಾಸ್. ಸಮುದ್ರದಲ್ಲಿ ಈಚಿನ ವಿಂಡ್‌ಮಿಲ್‌ಗಳನ್ನು ಕಟ್ಟಿಸಿದ್ದು ಬೇರೆ ಯೋಜನೆ: ಕಾಂಟ್ರಾಕ್ಟ್ ಫಾರ್ ಡಿಫರೆನ್ಸ್. ಒಂದು ದರ ಮೊದಲೇ ಗೊತ್ತು ಮಾಡುತ್ತಾರೆ, 100 ಪೌಂಡ್ ಅನ್ನಿ. ಮಾರುಕಟ್ಟೆಯಲ್ಲಿ 50 ಸಿಕ್ಕರೆ ಉಳಿದ 50ನ್ನು ಗ್ರಾಹಕರ ಬಿಲ್ಲಿನಿಂದ ತುಂಬಿಸುತ್ತಾರೆ. ಮಾರುಕಟ್ಟೆ 71ಕ್ಕೆ ಏರಿದರೆ ತುಂಬಿಸುವುದು 29 ಮಾತ್ರ. ವಿಂಡ್‌ಮಿಲ್‌ಗೆ ಎರಡೂ ಸಲ 100. ಅಂದರೆ ಈ ಒಪ್ಪಂದ ಇರುವವರ ಆದಾಯವನ್ನು ಕಾರ್ಬನ್ ಬೆಲೆ ಹೆಚ್ಚಿಸುವುದಿಲ್ಲ, ಅವರಿಗೆ ಕೊಡುವ ಸಹಾಯಧನವನ್ನು ಕಡಿಮೆ ಮಾಡುತ್ತದೆ. ಪರೀಕ್ಷೆಯಲ್ಲಿ ‘ಎರಡರಲ್ಲಿ ಯಾವುದು ಸಾಕು’ ಎಂದು ಕೇಳಿದರೆ ಈ ವ್ಯತ್ಯಾಸ ಬರೆಯಿರಿ. ಕಲ್ಲಿದ್ದಲನ್ನು ಹೊರಗೆ ತಳ್ಳಲು ಕಾರ್ಬನ್ ಬೆಲೆ, ಹೊಸದನ್ನು ಕಟ್ಟಲು ಸಾಲ ಸಿಗುವಂತೆ ಮಾಡಲು ಒಪ್ಪಂದ.

ನಮ್ಮಲ್ಲಿ

ಭಾರತದಲ್ಲಿ 2010ರಿಂದ ಕಲ್ಲಿದ್ದಲಿನ ಮೇಲೆ ಸೆಸ್ ಇತ್ತು. ಟನ್ನಿಗೆ 50 ರೂಪಾಯಿಯಿಂದ ಶುರುವಾಗಿ 2016ಕ್ಕೆ 400 ಆಯಿತು. 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್‌ನ ರೂಪ ಪಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು 5%ನಿಂದ 18%ಗೆ ಏರಿಸಿದರು. ಎಚ್ಚರ: ಆ 400 ಒಂದು ಟನ್ ಕಲ್ಲಿದ್ದಲಿಗೆ, ಒಂದು ಟನ್ ಹೊಗೆಗೆ ಅಲ್ಲ. ಒಂದು ಯೂನಿಟ್‌ಗೆ 650–700 ಗ್ರಾಂ ಕಲ್ಲಿದ್ದಲು ಬೇಕೆಂದರೆ ಸೆಸ್ ಸುಮಾರು 27 ಪೈಸೆ.

ಈ 27 ಪೈಸೆ ಪಾವಗಡದ ಸೋಲಾರ್ ಪಾರ್ಕಿಗೆ ತಲುಪುತ್ತಿತ್ತಾ? ಇಲ್ಲ. ಅಲ್ಲಿನ ವಿದ್ಯುತ್ ದೀರ್ಘಕಾಲದ ಖರೀದಿ ಒಪ್ಪಂದದ ದರಕ್ಕೆ ಎಸ್ಕಾಂಗಳಿಗೆ ಹೋಗುತ್ತದೆ. ಅಲ್ಲಿ ಸಂತೆಯೂ ಇಲ್ಲ, ಒಂದೇ ದರವೂ ಇಲ್ಲ. ಇಂಥ ಕಡೆ ಕಾರ್ಬನ್ ಬೆಲೆ ಕೆಲಸ ಮಾಡುವುದು ಮುಂದಿನ ಒಪ್ಪಂದ ಕಲ್ಲಿದ್ದಲಿನ ಜೊತೆಗೋ ಸೋಲಾರ್ ಜೊತೆಗೋ ಎಂದು ಕೂತು ಹೋಲಿಸುವ ದಿನ.

ಅಭ್ಯಾಸಕ್ಕೆ ಎರಡು

ಮೇಲಿನ ಲೆಕ್ಕದಲ್ಲಿ ಕಾರ್ಬನ್ ಬೆಲೆ 40 ಇರಲಿ, ಬೇಡಿಕೆಯನ್ನು 80ಕ್ಕೆ ಇಳಿಸಿ. ಗಾಳಿ 30, ಗ್ಯಾಸ್ 50, ಕಲ್ಲಿದ್ದಲು ಪೂರ್ತಿ ಹೊರಗೆ, ಬೆಲೆ 66. ಆಮೇಲೆ ಬೇಡಿಕೆ 80 ಇಟ್ಟುಕೊಂಡೇ ಗಾಳಿಯನ್ನು 90ಕ್ಕೆ ಏರಿಸಿ. ಕೊನೆಯಲ್ಲಿ ನಿಲ್ಲುವುದು ಗಾಳಿಯೇ, ಬೆಲೆ ಸೊನ್ನೆ. ಈಗ ಕಾರ್ಬನ್ ಬೆಲೆಯನ್ನು 400 ಮಾಡಿ ನೋಡಿ, ಆಗಲೂ ಸೊನ್ನೆಯೇ.